ಮತ ಎಣಿಸುವ ರೀತಿ ಬದಲಾದರೆ ನಮ್ಮ ಹೋಬಳಿಗೆ ಏನು ಸಿಗುತ್ತದೆ?

ಮಾಲೂರಿನ 2023ರ ವಿಧಾನಸಭಾ ಫಲಿತಾಂಶವನ್ನು ಇನ್ನೊಮ್ಮೆ ನೋಡಿ. ಅವತ್ತು ಘೋಷಿಸಿದ ಲೆಕ್ಕದ ಪ್ರಕಾರ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡರಿಗೆ 50,955 ಮತ. ಬಿಜೆಪಿಯ ಕೆ.ಎಸ್. ಮಂಜುನಾಥಗೌಡರಿಗೆ 50,707. ಪಕ್ಷೇತರರಾಗಿ ನಿಂತ ಹೂಡಿ ವಿಜಯಕುಮಾರ್ ಅವರಿಗೆ 49 ಸಾವಿರಕ್ಕೂ ಜಾಸ್ತಿ. ಇದರ ಮೇಲೆ ಜೆಡಿಎಸ್‌ಗೆ ಬಿದ್ದ ಮತ ಬೇರೆ. ಅಂತರ ಬರೀ 248. ಫಲಿತಾಂಶ ಕೋರ್ಟ್ ಮೆಟ್ಟಿಲೂ ಏರಿತು.

ಎಣಿಕೆ ಸರಿಯಾಗಿತ್ತೋ ಇಲ್ಲವೋ ಅನ್ನೋದನ್ನು ಕೋರ್ಟ್ ನೋಡಿಕೊಳ್ಳುತ್ತದೆ. ನನ್ನ ಪ್ರಶ್ನೆ ಬೇರೆ. ಒಂದೊಂದು ಮತವನ್ನೂ ಕರಾರುವಾಕ್ಕಾಗಿ ಎಣಿಸಿದರೂ, ಗೆದ್ದವರ ಪಾಲು ಬಿದ್ದ ಮತದಲ್ಲಿ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಉಳಿದವರಿಗೆ ಎರಡನೇ ಆಯ್ಕೆ ಯಾರಾಗಿದ್ದರು? ಅದನ್ನು ಹೇಳಲು ಯಂತ್ರದಲ್ಲಿ ಜಾಗವೇ ಇಲ್ಲ. ಒಂದು ಬಟನ್ ಒತ್ತಿ ಹೊರಗೆ ಬರುತ್ತೇವೆ, ಅಷ್ಟೇ.

ಹಾಗಾಗಿ ಬೇರೆ ಯಾವ ಯಾವ ಪದ್ಧತಿಗಳಿವೆ, ಅವು ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಿಗೆ ಹೇಗೆ ಹೊಂದುತ್ತವೆ ಅಂತ ಇಲ್ಲಿ ಹೋಲಿಸಿದ್ದೇನೆ. "ಯಾವುದು ನ್ಯಾಯ" ಅಂತ ಸುಮ್ನೆ ಕೇಳಿದರೆ ಮಾತು ಮುಗಿಯುವುದಿಲ್ಲ. ಮೂರು ಪ್ರಶ್ನೆ ಇಟ್ಟುಕೊಳ್ಳಿ. ಗೆಲ್ಲಲು ಪಕ್ಷ ಯಾವ ಊರಿನಲ್ಲಿ ಓಡಾಡಬೇಕಾಗುತ್ತದೆ? ಟಿಕೆಟ್ ಯಾರ ಕೈಯಲ್ಲಿರುತ್ತದೆ? ಬೋರ್‌ವೆಲ್ ಒಣಗಿದಾಗ, ಸರ್ವೆ ಕೆಲಸ ನಿಂತಾಗ ಯಾರ ಮನೆ ಬಾಗಿಲಿಗೆ ಹೋಗಬೇಕು?

ಈಗಿರುವ ಪದ್ಧತಿ

ಒಂದು ಕ್ಷೇತ್ರ, ಒಂದು ಸೀಟು, ಎಲ್ಲರಿಗಿಂತ ಜಾಸ್ತಿ ಮತ ತೆಗೆದವರು ಗೆದ್ದರು. ಇದರ ಮೊದಲ ಗುಣ ಸರಳತೆ. ಎರಡನೆಯದು, ಎಮ್ಮೆಲ್ಲೆ ಯಾರು ಅಂತ ಎಲ್ಲರಿಗೂ ಗೊತ್ತು.

ಆದರೆ ಮತಕ್ಕೂ ಸೀಟಿಗೂ ನಂಟು ಸಡಿಲ. 2013ರಲ್ಲಿ ಕಾಂಗ್ರೆಸ್‌ಗೆ ರಾಜ್ಯದಲ್ಲಿ ಸುಮಾರು 36.6 ಪರ್ಸೆಂಟ್ ಮತ ಬಂತು, ಸೀಟು 122. 2018ರಲ್ಲಿ ಮತ 38 ಪರ್ಸೆಂಟ್ ದಾಟಿತು, ಸೀಟು 80ರ ಆಸುಪಾಸಿಗೆ ಇಳಿಯಿತು. ಅದೇ ಚುನಾವಣೆಯಲ್ಲಿ ಸುಮಾರು 36 ಪರ್ಸೆಂಟ್ ತೆಗೆದ ಬಿಜೆಪಿ 104 ಗೆದ್ದಿತು. ಮತ ಜಾಸ್ತಿಯಾಗಿ ಸೀಟು ಕಮ್ಮಿಯಾಗಿದ್ದಕ್ಕೆ ಕಾರಣ, 2013ರಲ್ಲಿ ಎದುರಾಳಿಗಳ ಮತ ಬಿಜೆಪಿ, ಕೆಜೆಪಿ (ಯಡಿಯೂರಪ್ಪನವರು ಆಗ ಕಟ್ಟಿದ್ದ ಪಕ್ಷ), ಜೆಡಿಎಸ್ ಅಂತ ಒಡೆದಿತ್ತು. 2018ರಲ್ಲಿ ಅಷ್ಟು ಒಡೆಯಲಿಲ್ಲ.

ಪಕ್ಷಗಳು ಇದನ್ನು ಚೆನ್ನಾಗಿ ಕಲಿತಿವೆ. ನಮ್ಮವರ ಮತ ಹೆಚ್ಚಿಸುವುದು ಒಂದು ದಾರಿ, ಎದುರಿನವರ ಮತ ಒಡೆಯುವುದು ಇನ್ನೊಂದು ದಾರಿ, ಎರಡನೆಯದಕ್ಕೆ ಖರ್ಚು ಕಮ್ಮಿ. ಅದಕ್ಕೇ ಬಂಡಾಯ ಅಭ್ಯರ್ಥಿಗೆ ಎದುರು ಪಕ್ಷದಿಂದ ಸಹಾಯ ಹೋಗುತ್ತಿದೆ ಅನ್ನುವ ಮಾತು ಪ್ರತಿ ಸಲ ಬರುತ್ತದೆ. ಒಂದೇ ಹೆಸರಿನ ಡಮ್ಮಿ ಕ್ಯಾಂಡಿಡೇಟುಗಳು ಕಣಕ್ಕಿಳಿಯುತ್ತಾರೆ. "ಒಳ ಒಪ್ಪಂದ" ಅನ್ನುವ ಆರೋಪ ಎಲ್ಲ ಕಡೆಯಿಂದಲೂ ಕೇಳಿಬರುತ್ತದೆ. ಮೂರೂ ಪಕ್ಷಕ್ಕೆ ಬೇರು ಇರುವ ತುಮಕೂರಿನಂಥ ಜಿಲ್ಲೆಯಲ್ಲಿ ಇದು ಇನ್ನೂ ಜಾಸ್ತಿ.

ಮೈತ್ರಿಯ ಕಥೆಯೂ ಇದರದ್ದೇ ಭಾಗ. 2019ರ ಲೋಕಸಭೆಗೆ ಕಾಂಗ್ರೆಸ್, ಜೆಡಿಎಸ್ ಕೈ ಜೋಡಿಸಿದವು. ತುಮಕೂರಿನಲ್ಲಿ ಹಾಲಿ ಸಂಸದರಾಗಿದ್ದ ಎಸ್.ಪಿ. ಮುದ್ದಹನುಮೇಗೌಡರ ಟಿಕೆಟ್ ಹೋಗಿ ಎಚ್.ಡಿ. ದೇವೇಗೌಡರು ನಿಂತರು. ಕಾಗದದ ಮೇಲೆ ಎರಡು ಪಕ್ಷದ ಮತ ಕೂಡಿದರೆ ಗೆಲುವು ಸಲೀಸು. ಬಿಜೆಪಿಯ ಜಿ.ಎಸ್. ಬಸವರಾಜು ಸುಮಾರು 13 ಸಾವಿರ ಮತದಿಂದ ಗೆದ್ದರು. ರಾಜ್ಯದಲ್ಲಿ ಮೈತ್ರಿಗೆ 28ರಲ್ಲಿ ಸಿಕ್ಕಿದ್ದು ಎರಡೇ. ಹಳ್ಳಿಯಲ್ಲಿ ಮೂವತ್ತು ವರ್ಷ ಎದುರುಬದುರು ನಿಂತು ಹೋರಾಡಿದವರಿಗೆ ಬೆಂಗಳೂರಿನಲ್ಲಿ ಕೂತವರು ಸೀಟು ಹಂಚಿಕೊಂಡು ಈ ಸಲ ಆ ಗುರುತಿಗೆ ಒತ್ತಿ ಅಂದರೆ ಕೈ ಬರುವುದಿಲ್ಲ, ಅಲ್ವಾ?

ಹಳ್ಳಿಗೆ ನೇರವಾಗಿ ತಟ್ಟುವ ಇನ್ನೊಂದು ಸಂಗತಿ ಇದೆ. ಎಣಿಕೆಯ ಲೆಕ್ಕ ಬೂತ್‌ವಾರು ಹೊರಗೆ ಬರುತ್ತದೆ. ಯಾವ ಊರು ಎಷ್ಟು ಲೀಡ್ ಕೊಟ್ಟಿತು ಅನ್ನೋದು ಮಾರನೇ ದಿನವೇ ಎಲ್ಲರ ಮೊಬೈಲಿನಲ್ಲಿ ಇರುತ್ತದೆ. ಲೀಡ್ ಕೊಟ್ಟ ಊರಿಗೆ ಸಿಸಿ ರಸ್ತೆ, ಕೊಡದ ಊರಿಗೆ "ನೋಡೋಣ". ಅಭ್ಯರ್ಥಿ ತನ್ನ ಗಟ್ಟಿ ಹೋಬಳಿಗಳಲ್ಲಿ ಮತ್ತು ಅತ್ತಿತ್ತ ಓಲಾಡುವ ಊರುಗಳಲ್ಲಿ ಓಡಾಡುತ್ತಾರೆ. ಎದುರು ಪಕ್ಷದ ಭದ್ರ ಊರಿಗೆ ಕಾಲಿಡಲು ಅವರಿಗೆ ಕಾರಣವೇ ಇಲ್ಲ.

ಹೇಮಾವತಿ ನಾಲೆಯ ನೀರನ್ನು ಪೈಪಿನಲ್ಲಿ ನೇರ ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕೆನಾಲ್ ಯೋಜನೆಯ ಗಲಾಟೆ ಇದಕ್ಕೆ ಹತ್ತಿರದ ಉದಾಹರಣೆ. ನಾಲೆಯ ಕೊನೆಯಲ್ಲಿರುವ ಕುಣಿಗಲ್‌ಗೆ ಎಷ್ಟೋ ವರ್ಷದಿಂದ ಹಂಚಿಕೆಯ ನೀರು ಪೂರ್ತಿ ಬಂದಿಲ್ಲ ಅನ್ನುವ ನೋವು. ಮೇಲಿನ ಗುಬ್ಬಿ, ತುರುವೇಕೆರೆ ಕಡೆಯವರಿಗೆ ಪೈಪಿನಲ್ಲಿ ನೀರು ಮಾಗಡಿ ಕಡೆಗೆ ಹೊರಟುಹೋದರೆ ನಮ್ಮ ಕೆರೆಗಳ ಗತಿಯೇನು ಅನ್ನುವ ಭಯ. 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ಕುಣಿಗಲ್ ಶಾಸಕರು ಯೋಜನೆ ಪರ, ತುರುವೇಕೆರೆ ಶಾಸಕರು ವಿರುದ್ಧ. ಇಬ್ಬರೂ ತಮ್ಮ ಮತದಾರರಿಗೆ ನಿಷ್ಠೆಯಿಂದಲೇ ಇದ್ದಾರೆ. ಆದರೆ ಇಡೀ ನಾಲೆಗೆ, ತಲೆಯಿಂದ ಬಾಲದವರೆಗೆ, ಉತ್ತರ ಹೇಳಬೇಕಾದ ಒಬ್ಬ ಜನಪ್ರತಿನಿಧಿಯೂ ಈ ಪದ್ಧತಿಯಲ್ಲಿ ಹುಟ್ಟುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈ ಪದ್ಧತಿಯ ಒಂದು ದೊಡ್ಡ ಉಪಕಾರವನ್ನು ಒಪ್ಪಲೇಬೇಕು. ಒಂದೇ ಜಾಗದಲ್ಲಿ ಗಟ್ಟಿ ಬೇರಿದ್ದವರಿಗೆ ಇಲ್ಲಿ ಬಾಗಿಲು ತೆರೆದಿದೆ. ಬಾಗೇಪಲ್ಲಿಯಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲೂ 2004ರಲ್ಲೂ ಗೆದ್ದರು. ರಾಜ್ಯಮಟ್ಟದಲ್ಲಿ ಆ ಪಕ್ಷದ ಮತ ಎಣಿಕೆಗೂ ಸಿಗದಷ್ಟು ಕಮ್ಮಿ. 2023ರಲ್ಲಿ ಗೌರಿಬಿದನೂರಿನಲ್ಲಿ ಪಕ್ಷೇತರ ಕೆ.ಎಚ್. ಪುಟ್ಟಸ್ವಾಮಿಗೌಡರು ಗೆದ್ದಿದ್ದು ಕೂಡ ಹೀಗೆಯೇ. ಬೇರೆ ಪದ್ಧತಿ ಬೇಕು ಅನ್ನುವವರು ಈ ಎರಡು ಊರನ್ನು ನೆನಪಿಟ್ಟುಕೊಂಡು ಮಾತಾಡಬೇಕು.

ಎರಡು ಸುತ್ತಿನ ಮತದಾನ

ಫ್ರಾನ್ಸಿನಲ್ಲಿದೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ, ಮುಂದಿದ್ದವರ ನಡುವೆ ಇನ್ನೊಂದು ಸಲ ಮತದಾನ. ಮಾಲೂರಿನಂಥ ಕಡೆ ಉತ್ತರ ಸ್ಪಷ್ಟವಾಗುತ್ತದೆ, ನಿಜ. ಆದರೆ ಪಾವಗಡ, ಮಧುಗಿರಿ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದವರು ಒಂದು ಸಲ ಬಸ್ ಹಿಡಿದು ಬಂದು ಮತ ಹಾಕುವುದೇ ಕಷ್ಟ. ಎರಡು ವಾರದಲ್ಲಿ ಮತ್ತೆ ಕೂಲಿ ಬಿಟ್ಟು ಬನ್ನಿ ಅಂದರೆ ಎಷ್ಟು ಜನ ಬರುತ್ತಾರೆ? ಹಣ ಹಂಚುವುದೂ ಎರಡು ಸಲ ಆಗುತ್ತದೆ. ನಮಗೆ ಇದು ಬೇಡ.

ಪ್ರಾಶಸ್ತ್ಯ ಮತ, ಒಂದೇ ಸೀಟು

ಇದು ನಮಗೆ ಹೊಸದಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಜೊತೆ ಚಿತ್ರದುರ್ಗ, ದಾವಣಗೆರೆ ಸೇರಿಸಿ ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರ, ಆಗ್ನೇಯ ಪದವೀಧರ ಕ್ಷೇತ್ರ ಇವೆಯಲ್ಲ, ಅಲ್ಲಿ ಮತ ಹಾಕಿದ ಮೇಷ್ಟ್ರನ್ನು ಕೇಳಿ. ಬ್ಯಾಲೆಟ್ ಪೇಪರ್ ಕೊಡುತ್ತಾರೆ. ಜೊತೆಗೆ ನೇರಳೆ ಬಣ್ಣದ ಸ್ಕೆಚ್ ಪೆನ್. ಸ್ವಂತ ಪೆನ್ ಬಳಸಿದರೆ ಮತ ಅಸಿಂಧು. ಹೆಸರಿನ ಮುಂದೆ 1 ಅಂತ ಅಂಕಿ ಬರೆಯಬೇಕು, "ಒಂದು" ಅಂತ ಅಕ್ಷರದಲ್ಲಿ ಬರೆಯುವಂತಿಲ್ಲ, ಟಿಕ್ ಹಾಕುವಂತಿಲ್ಲ. ಆಮೇಲೆ ಇಷ್ಟವಿದ್ದರೆ 2, 3 ಅಂತ ಮುಂದುವರಿಸಬಹುದು. ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಕೈಬಿಟ್ಟು, ಅವರ ಬ್ಯಾಲೆಟ್‌ಗಳನ್ನು ಅದರಲ್ಲಿರುವ ಮುಂದಿನ ಅಂಕಿಯಂತೆ ಹಂಚುತ್ತಾರೆ. ಯಾರಾದರೂ ಗೆರೆ ದಾಟುವವರೆಗೆ ಹೀಗೇ.

ಮಾಲೂರಿನಲ್ಲಿ ಹೀಗೆ ಎಣಿಸಿದ್ದರೆ ಕೈಬಿಟ್ಟವರ ಬ್ಯಾಲೆಟ್‌ಗಳಲ್ಲಿನ ಮುಂದಿನ ಅಂಕಿಯೇ ಎಲ್ಲ ನಿರ್ಧರಿಸುತ್ತಿತ್ತು. ಬಂಡಾಯ ಎದ್ದವರನ್ನು ನಿಲ್ಲಿಸಿ ಮತ ಒಡೆಯುವ ಆಟಕ್ಕೆ ಇಲ್ಲಿ ಬೆಲೆ ಬಿದ್ದುಹೋಗುತ್ತದೆ. ಯಾಕೆಂದರೆ ಒಡೆದ ಮತ ವಾಪಸ್ ಬರಬಹುದು.

ಹಳ್ಳಿಯವರಿಗೆ ಇದರಿಂದ ಏನು ಸಿಗಬಹುದು ಅನ್ನೋದಕ್ಕೆ ಆಸ್ಟ್ರೇಲಿಯಾವನ್ನು ನೋಡಬೇಕು. 1918ರಲ್ಲಿ ಅಲ್ಲಿ ಸ್ವಾನ್ ಅನ್ನುವ ಕ್ಷೇತ್ರದಲ್ಲಿ ಉಪಚುನಾವಣೆ. ರೈತರ ಸಂಘದವರು ತಮ್ಮದೇ ಅಭ್ಯರ್ಥಿ ಹಾಕಿದರು. ಆಳುವ ನ್ಯಾಷನಲಿಸ್ಟ್ ಪಕ್ಷದವರೂ ಹಾಕಿದರು. ಮತ ಒಡೆದು ಲೇಬರ್ ಪಕ್ಷ ಮೂರನೇ ಒಂದು ಭಾಗದಷ್ಟು ಮತದಲ್ಲೇ ಗೆದ್ದಿತು. ಸರ್ಕಾರ ಬೆಚ್ಚಿತು. ಅದೇ ವರ್ಷ ಕಾನೂನು ಬದಲಾಯಿತು, ಪ್ರಾಶಸ್ತ್ಯ ಮತ ಬಂತು. 1920ರಲ್ಲಿ ರೈತರ ಕಂಟ್ರಿ ಪಾರ್ಟಿ ಹುಟ್ಟಿತು. ಅದು ಇವತ್ತಿಗೂ ನ್ಯಾಷನಲ್ಸ್ ಅನ್ನುವ ಹೆಸರಿನಲ್ಲಿ ಬದುಕಿದೆ, ಎಷ್ಟೋ ಸಲ ಸರ್ಕಾರದಲ್ಲಿ ಪಾಲುದಾರನಾಗಿದೆ. "ನೀವು ನಿಂತರೆ ಮತ ಒಡೆಯುತ್ತದೆ, ಸುಮ್ಮನಿರಿ" ಅಂತ ರೈತರ ಬಾಯಿ ಮುಚ್ಚಿಸುವ ಮಾತಿಗೆ ಅಲ್ಲಿ ಬಲ ಹೋಯಿತು. ನಮ್ಮಲ್ಲಿ ರೈತಸಂಘದ ಅಭ್ಯರ್ಥಿಗಳು ಪ್ರತಿ ಚುನಾವಣೆಯಲ್ಲಿ ಕೇಳುವುದು ಇದೇ ಮಾತನ್ನು.

ಕೊರತೆಯೂ ಇದೆ. ನಮ್ಮ ಪರಿಷತ್ ಚುನಾವಣೆಯಲ್ಲಿ ಪಕ್ಷದವರು "ನಮಗೆ 1 ಹಾಕಿ, ಇನ್ಯಾರಿಗೂ ಏನೂ ಬರೀಬೇಡಿ" ಅಂತ ಪ್ರಚಾರ ಮಾಡುತ್ತಾರೆ. ಹಾಗೆ ಮಾಡಿದ ಬ್ಯಾಲೆಟ್ ಮುಂದೆ ಹೋಗದೆ ಅಲ್ಲೇ ನಿಲ್ಲುತ್ತದೆ, ಪದ್ಧತಿಯ ಲಾಭ ಅರ್ಧ ಹೋಯಿತು. ಮತ್ತೆ, ಸೀಟು ಒಂದೇ ಆದ್ದರಿಂದ ಕೊನೆಗೆ ಒಬ್ಬರೇ ಗೆಲ್ಲುವುದು. ಇಡೀ ಜಿಲ್ಲೆಯಲ್ಲಿ ಹರಡಿಕೊಂಡ ಚಿಕ್ಕ ಗುಂಪಿಗೆ ಇಲ್ಲಿಯೂ ಸೀಟಿಲ್ಲ.

ಪಟ್ಟಿ ಪದ್ಧತಿ

ಮತ ಪಕ್ಷಕ್ಕೆ. ಎಷ್ಟು ಪರ್ಸೆಂಟ್ ಮತವೋ ಹೆಚ್ಚುಕಮ್ಮಿ ಅಷ್ಟು ಪರ್ಸೆಂಟ್ ಸೀಟು. ಇಸ್ರೇಲಿನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ, 120 ಸೀಟು. ನೆದರ್ಲೆಂಡ್ಸ್‌ನಲ್ಲಿ 150.

ಲೆಕ್ಕದಲ್ಲಿ ಇದಕ್ಕಿಂತ ನೇರವಾದದ್ದು ಇಲ್ಲ. ಪಟ್ಟಿ ಪದ್ಧತಿ ಅಂದರೆ ಹಳ್ಳಿಗೆ ಸಾವು ಅನ್ನುವವರಿಗೂ ನೆದರ್ಲೆಂಡ್ಸ್ ಉತ್ತರ ಕೊಡುತ್ತದೆ. ಅಲ್ಲಿ ಬಿಬಿಬಿ ಅನ್ನುವ ರೈತರ ಪಕ್ಷ 2019ರಲ್ಲಿ ಹುಟ್ಟಿ, 2021ರಲ್ಲಿ ಒಂದೇ ಒಂದು ಸೀಟು ಗೆದ್ದು, ಆ ಒಂದು ಸೀಟಿನ ಮೇಲೆ ನಿಂತು 2023ರ ಪ್ರಾಂತೀಯ ಚುನಾವಣೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮತ ತೆಗೆಯಿತು. ಒಂದು ಕ್ಷೇತ್ರದಲ್ಲೂ ಮೊದಲ ಸ್ಥಾನ ಬರದ ಪಕ್ಷಕ್ಕೆ ನಮ್ಮಲ್ಲಿ ಆ ಮೊದಲ ಸೀಟು ಸಿಗುವುದೇ ಇಲ್ಲ.

ಆದರೆ ಟಿಕೆಟ್‌ನ ಪ್ರಶ್ನೆ ಬಂದಾಗ ನನಗೆ ಇದು ಬೇಡ ಅನ್ನಿಸುತ್ತದೆ. ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದು, ಐವತ್ತನೆಯದು ಯಾರದ್ದು ಅನ್ನೋದನ್ನು ಪಕ್ಷದ ಕಚೇರಿ ಬರೆಯುತ್ತದೆ. ಬಿ ಫಾರಂಗೆ ಬೆಂಗಳೂರು, ದೆಹಲಿ ಸುತ್ತುವ ಕಾಟ ಈಗಲೇ ಇದೆ. ಪಟ್ಟಿ ಬಂದರೆ ಸುತ್ತುವುದಷ್ಟೇ ಉಳಿಯುತ್ತದೆ, ಊರಿಗೆ ಬರುವ ಅಗತ್ಯ ಹೋಗುತ್ತದೆ. ಚೇಳೂರಿನ ರೈತ ಯಾರ ಮನೆಗೆ ಹೋಗಬೇಕು? ಇಂಥ ದೇಶಗಳಲ್ಲಿ ಬಹಳಷ್ಟು ಕಡೆ ಇಷ್ಟು ಪರ್ಸೆಂಟ್ ಬರದಿದ್ದರೆ ಸೀಟೇ ಇಲ್ಲ ಅನ್ನುವ ಗೆರೆ ಬೇರೆ ಇರುತ್ತದೆ. ರಾಜ್ಯಕ್ಕೆ 5 ಪರ್ಸೆಂಟ್ ಗೆರೆ ಎಳೆದರೆ ಬಾಗೇಪಲ್ಲಿಯಂಥ ಗೆಲುವು ಮುಗಿದಂತೆ. ಪಕ್ಷೇತರರ ಗತಿ ಹೇಳುವುದೇ ಬೇಡ.

ಶ್ರೀಲಂಕಾದಲ್ಲಿ ಇದಕ್ಕೆ ಪರಿಹಾರ ಅಂತ, ಪಕ್ಷಕ್ಕೆ ಮತ ಹಾಕಿದ ಮೇಲೆ ಆ ಪಕ್ಷದ ಜಿಲ್ಲಾ ಪಟ್ಟಿಯಲ್ಲಿ ಮೂವರವರೆಗೆ ಗುರುತಿಸಲು ಅವಕಾಶ ಕೊಟ್ಟರು. ಒಂದೇ ಪಕ್ಷದವರು ಒಬ್ಬರ ಮೇಲೊಬ್ಬರು ಬಿದ್ದು ಜಿಲ್ಲೆಯುದ್ದಕ್ಕೂ ದುಡ್ಡು ಸುರಿಯುವಂತಾಯಿತು.

ಮಿಶ್ರ ಪದ್ಧತಿ

ಎರಡು ಮತ. ಒಂದು ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಜರ್ಮನಿಯಲ್ಲಿದೆ, ನ್ಯೂಜಿಲೆಂಡ್‌ನಲ್ಲಿ 1996ರಿಂದ ಇದೆ. ನೇಪಾಳದಲ್ಲಿ 275ರಲ್ಲಿ 165 ನೇರ ಸೀಟು, 110 ಪಟ್ಟಿಯಿಂದ. ನಮ್ಮ ಕಾನೂನು ಆಯೋಗವೂ 1999ರ 170ನೇ ವರದಿಯಲ್ಲಿ ಪಟ್ಟಿಯ ಸೀಟುಗಳನ್ನು ಸ್ವಲ್ಪ ಸೇರಿಸಿ ಅಂತ ಹೇಳಿತ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ನ್ಯೂಜಿಲೆಂಡ್‌ನಲ್ಲಿ ಪಟ್ಟಿ ಸೀಟು ಇರುವುದೇ ನೇರ ಸೀಟಿನಲ್ಲಿ ಆದ ಏರುಪೇರನ್ನು ಸರಿಮಾಡಲು. ನೇಪಾಳದಲ್ಲಿ ಎರಡನ್ನೂ ಬೇರೆ ಬೇರೆ ಎಣಿಸಿ ಕೂಡುತ್ತಾರೆ, ದೊಡ್ಡ ಪಕ್ಷಕ್ಕೆ ಎರಡು ಕಡೆಯೂ ಲಾಭ. "ಮಿಶ್ರ" ಅಂತ ಯಾರಾದರೂ ಹೇಳಿದರೆ ಯಾವ ಮಿಶ್ರ ಅಂತ ಮೊದಲು ಕೇಳಿ.

ನನ್ನ ಆತಂಕ ಇರುವುದು ಊರಿನಿಂದ ಎಮ್ಮೆಲ್ಲೆಗೆ ಇರುವ ದೂರದ ಬಗ್ಗೆ. ಒಟ್ಟು 224 ಅಷ್ಟೇ ಇಟ್ಟು ಅರ್ಧ ಪಟ್ಟಿಗೆ ಕೊಟ್ಟರೆ ಕ್ಷೇತ್ರಗಳು 112. ತುಮಕೂರಿನ ಹನ್ನೊಂದು ಹೋಗಿ ಐದೋ ಆರೋ ಆಗುತ್ತವೆ. ಪಾವಗಡವನ್ನು ಮಧುಗಿರಿಗೆ ಸೇರಿಸಬೇಕಾಗುತ್ತದೆ. ಸುತ್ತ ಆಂಧ್ರ ಇಟ್ಟುಕೊಂಡು, ಜಿಲ್ಲಾ ಕೇಂದ್ರಕ್ಕೆ ಹತ್ತಿರಹತ್ತಿರ ನೂರು ಕಿಲೋಮೀಟರ್ ದೂರ ಇರುವ ತಾಲ್ಲೂಕಿಗೆ ಇರುವ ಒಬ್ಬ ಎಮ್ಮೆಲ್ಲೆಯನ್ನೂ ಪಾಲು ಮಾಡಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಸೀಟುಗಳ ಒಟ್ಟು ಸಂಖ್ಯೆ ಹೆಚ್ಚಿಸಿ ಪಟ್ಟಿ ಸೇರಿಸಿದರೆ ಒಪ್ಪಬಹುದು.

ದೊಡ್ಡ ಕ್ಷೇತ್ರ, ಹಲವು ಸೀಟು, ಪ್ರಾಶಸ್ತ್ಯ ಮತ

ನಾನು ಆರಿಸುವುದು ಇದನ್ನು. ಐರ್ಲೆಂಡ್ ನೂರು ವರ್ಷದಿಂದ ಹೀಗೆಯೇ ನಡೆಸುತ್ತಿದೆ. ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು, ಮತದಾರರು 1, 2, 3 ಬರೆಯುತ್ತಾರೆ. ಗೆಲ್ಲಲು ಬೇಕಾದ ಮತ ಎಷ್ಟು ಅಂದರೆ, ಸಿಂಧುವಾದ ಮತವನ್ನು ಸೀಟಿಗಿಂತ ಒಂದು ಜಾಸ್ತಿ ಸಂಖ್ಯೆಯಿಂದ ಭಾಗಿಸಿ ಒಂದು ಕೂಡಿಸಿದಷ್ಟು. ಅದಕ್ಕಿಂತ ಜಾಸ್ತಿ ಬಂದ ಮತವೂ ವ್ಯರ್ಥವಾಗದೆ ಮುಂದಿನ ಆಯ್ಕೆಗೆ ಹೋಗುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈಗ ಐದು ವಿಧಾನಸಭಾ ಕ್ಷೇತ್ರ. ಅದನ್ನೇ ಒಂದು ಕ್ಷೇತ್ರ ಮಾಡಿ ಐದು ಸೀಟು ಇಟ್ಟರೆ ಆರನೇ ಒಂದು ಭಾಗ ದಾಟಿದವರು ಗೆದ್ದರು. ಈಗ ಠೇವಣಿ ಉಳಿಸಿಕೊಳ್ಳಲು ಬೇಕಾಗಿರುವುದೂ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಮತವೇ. ಇವತ್ತು ಒಂದು ಕ್ಷೇತ್ರದ ಮತದಲ್ಲಿ ಎಷ್ಟು ಪಾಲಿಗೆ ಠೇವಣಿ ದುಡ್ಡು ಮಾತ್ರ ವಾಪಸ್ ಬರುತ್ತದೋ, ಇಡೀ ಜಿಲ್ಲೆಯ ಮತದಲ್ಲಿ ಅಷ್ಟೇ ಪಾಲಿಗೆ ಅಲ್ಲಿ ವಿಧಾನಸಭೆಯಲ್ಲಿ ಒಂದು ಕುರ್ಚಿ ಸಿಗುತ್ತದೆ.

ಇದು ಯಾರಿಗೆ ಬೇಕು ಅಂತ ಯೋಚಿಸಿ. ಶಾಶ್ವತ ನೀರಾವರಿಗೆ ಎಷ್ಟು ವರ್ಷದಿಂದ ಹೋರಾಟ ನಡೆದಿದೆ! ಟ್ರ್ಯಾಕ್ಟರ್ ತೆಗೆದುಕೊಂಡು ಬೆಂಗಳೂರಿಗೆ ಹೊರಟಿದ್ದೂ ಆಯಿತು. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ಬರುವ ಬೆಂಗಳೂರಿನ ಕೊಳಚೆ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ ಕೊಡಿ ಅನ್ನುವ ಬೇಡಿಕೆ ಬಾಗೇಪಲ್ಲಿಯಲ್ಲೂ ಇದೆ, ಶಿಡ್ಲಘಟ್ಟದಲ್ಲೂ ಇದೆ, ಚಿಂತಾಮಣಿಯಲ್ಲೂ ಇದೆ. ಆದರೆ ಯಾವ ಒಂದು ಕ್ಷೇತ್ರದಲ್ಲೂ ಅದು ಮೊದಲ ಸ್ಥಾನ ತರುವಷ್ಟು ಒಟ್ಟುಗೂಡುವುದಿಲ್ಲ, ಅಲ್ಲೆಲ್ಲ ಜಾತಿ, ಪಕ್ಷ, ಮನೆತನದ ಲೆಕ್ಕ ಮೇಲಾಗುತ್ತದೆ. ಜಿಲ್ಲೆಯೆಲ್ಲ ಸೇರಿ ಎಣಿಸಿದರೆ ನೀರಿಗಾಗಿ ನಿಂತ ಒಬ್ಬರು ಗೆಲ್ಲುವುದು ಕನಸಲ್ಲ. ದೊಡ್ಡ ಪಕ್ಷಗಳೂ ಬೇರೆಯವರ 2ನೇ ಅಂಕಿಗಾಗಿ ಎದುರಾಳಿಯ ಊರಿಗೆ ಹೋಗಿ ಕೈಮುಗಿಯಬೇಕಾಗುತ್ತದೆ. ಬಾಗೇಪಲ್ಲಿಯಂಥ ಗಟ್ಟಿ ನೆಲೆಯೂ ಇಲ್ಲಿ ಉಳಿಯಬಹುದು, ಪಕ್ಷೇತರರಿಗೂ ಜಾಗ ಇದೆ. ಐರ್ಲೆಂಡಿನ ಹಳ್ಳಿ ಕಡೆಯಿಂದ ಪಕ್ಷೇತರರು ಆರಿಸಿ ಬರುತ್ತಲೇ ಇದ್ದಾರೆ.

ಪಕ್ಷಗಳು ಇಲ್ಲಿಯೂ ಲೆಕ್ಕ ಹಾಕುತ್ತವೆ. ಎಷ್ಟು ಜನರನ್ನು ನಿಲ್ಲಿಸಬೇಕು ಅನ್ನೋದೇ ದೊಡ್ಡ ತಲೆನೋವು. ಐರ್ಲೆಂಡಿನಲ್ಲಿ ಒಂದೇ ಪಕ್ಷದ ಇಬ್ಬರು ನಿಂತಾಗ ಊರುಗಳನ್ನು ಹಂಚಿಕೊಂಡು, ಈ ಭಾಗದವರು ಇವರಿಗೆ 1 ಅವರಿಗೆ 2, ಆ ಭಾಗದವರು ಅವರಿಗೆ 1 ಇವರಿಗೆ 2 ಅಂತ ಕರಪತ್ರ ಕೊಡುತ್ತಾರೆ. ಹೋಬಳಿವಾರು ಲೆಕ್ಕ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಹಾಗೆ ಹಂಚಿಕೊಳ್ಳಬೇಕಾದರೆ ಪ್ರತಿ ಭಾಗಕ್ಕೂ ಒಬ್ಬ ಸ್ಥಳೀಯ ಅಭ್ಯರ್ಥಿ ಬೇಕು, ಅದು ಹಳ್ಳಿಗೆ ಒಳ್ಳೆಯದೇ.

ಮೀಸಲಾತಿ ಮಾತ್ರ ಬಿಡಿಸಲೇಬೇಕಾದ ಗಂಟು. ಕೋಲಾರ ಜಿಲ್ಲೆಯ ಆರರಲ್ಲಿ ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ ಪರಿಶಿಷ್ಟ ಜಾತಿಗೆ ಮೀಸಲು. ತುಮಕೂರಿನಲ್ಲಿ ಕೊರಟಗೆರೆ, ಪಾವಗಡ. ಚಿಕ್ಕಬಳ್ಳಾಪುರದಲ್ಲಿ ಒಂದೂ ಇಲ್ಲ. ಹಲವು ಸೀಟಿನ ಕ್ಷೇತ್ರದಲ್ಲಿ ಇಷ್ಟು ಸೀಟು ಮೀಸಲು ಅಂತ ಮೊದಲೇ ಬರೆದು ಎಣಿಸಬೇಕು. 1952, 1957ರಲ್ಲಿ ನಮ್ಮ ದೇಶದಲ್ಲಿ ಎರಡು ಸೀಟಿನ ಕ್ಷೇತ್ರಗಳು ಇದ್ದವು, ಒಂದು ಸಾಮಾನ್ಯ, ಒಂದು ಮೀಸಲು. 1961ರಲ್ಲಿ ಕಾನೂನು ಮಾಡಿ ತೆಗೆದುಹಾಕಿದರು. ಹಾಗಾಗಿ ಇದು ನಮ್ಮ ನೆಲದಲ್ಲಿ ನಡೆಯದ ಮಾತೇನಲ್ಲ.

ಒಂದು ಎಚ್ಚರಿಕೆ. ಹಲವು ಸೀಟು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿಯ ವಾರ್ಡ್‌ಗಳನ್ನು ನೋಡಿ. ಮೂರು ಸೀಟಿದ್ದರೆ ಮೂರು ಮತ. ಪಕ್ಷದ ಚಿಹ್ನೆ ಇಲ್ಲ ಅನ್ನೋದು ಹೆಸರಿಗೆ, ಪ್ಯಾನೆಲ್ (ಗುಂಪು) ಮಾಡಿಕೊಂಡೇ ನಿಲ್ಲುತ್ತಾರೆ. ಅರ್ಧಕ್ಕಿಂತ ಒಂದು ಚೂರು ಜಾಸ್ತಿ ಜನ ಒಂದೇ ಪ್ಯಾನೆಲ್‌ಗೆ ಮೂರೂ ಮತ ಹಾಕಿದರೆ ಮೂರು ಸೀಟೂ ಅವರಿಗೇ, ಉಳಿದವರಿಗೆ ಏನೂ ಇಲ್ಲ. ಹಾಲಿನ ಸಂಘ, ಪತ್ತಿನ ಸಂಘದ ಚುನಾವಣೆಯಲ್ಲೂ ಇದನ್ನೇ ನೋಡುತ್ತೇವೆ. ಹಾಗಾಗಿ ಸೀಟು ಹಲವಿದ್ದರೂ ಎಣಿಸುವಾಗ ಒಬ್ಬರಿಗೆ ಒಂದೇ ಮತ, ಅದು ಆಯ್ಕೆಯ ಕ್ರಮದಲ್ಲಿ ಮುಂದೆ ಸಾಗಬೇಕು. ಇದನ್ನು ಬಿಟ್ಟುಕೊಟ್ಟು ಬರೀ ದೊಡ್ಡ ಕ್ಷೇತ್ರ ಒಪ್ಪಿದರೆ ಈಗಿರುವುದಕ್ಕಿಂತ ಕೆಟ್ಟದ್ದೇ ಸಿಗುತ್ತದೆ.

ಗಡಿ ಎಳೆಯುವವರು ಯಾರು

ಯಾವ ಪದ್ಧತಿ ತಂದರೂ ಕ್ಷೇತ್ರದ ಗಡಿಯ ಮಾತು ಬೇರೆಯೇ ಇದೆ. 2008ರ ಮರುವಿಂಗಡಣೆಯಲ್ಲಿ ತುಮಕೂರು ಜಿಲ್ಲೆಯ 13 ಕ್ಷೇತ್ರ 11 ಆದವು. ಆಗಿನ ಕೋಲಾರ, ಅಂದರೆ ಈಗಿನ ಕೋಲಾರ ಮತ್ತು ಚಿಕ್ಕಬಳ್ಳಾಪುರ ಸೇರಿ, 12 ಇದ್ದದ್ದು 11 ಆಯಿತು. ಹೋದ ಹೆಸರುಗಳನ್ನು ಓದಿ: ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ, ವೇಮಗಲ್, ಬೇತಮಂಗಲ. ಐದೂ ಹೋಬಳಿ ಊರುಗಳು. ಉಳಿದದ್ದು ತಾಲ್ಲೂಕು ಕೇಂದ್ರಗಳ ಹೆಸರು. ಅದೇ ಹೊತ್ತಿಗೆ ಬೆಂಗಳೂರು ನಗರದ ಕ್ಷೇತ್ರಗಳು 28ಕ್ಕೆ ಏರಿದವು. ಜನಸಂಖ್ಯೆ ಪ್ರಕಾರ ಅದು ಸರಿಯೇ, ಒಪ್ಪುತ್ತೇನೆ. ಆದರೆ ಮಳೆ ಇಲ್ಲದೆ, ಕೆಲಸ ಇಲ್ಲದೆ ಊರು ಬಿಟ್ಟವರು ಬೆಂಗಳೂರಿನಲ್ಲಿ ಎಣಿಕೆಯಾಗುತ್ತಾರೆ, ಅವರು ಬಿಟ್ಟುಬಂದ ಊರಿನ ದನಿ ವಿಧಾನಸಭೆಯಲ್ಲಿ ಕಮ್ಮಿಯಾಗುತ್ತದೆ. ಕೈಗೆ ಬಲ ಬೇಕಾದ ಹೊತ್ತಿನಲ್ಲೇ ಬಲ ಹೋಗುತ್ತದೆ.

ಸೀಟುಗಳ ಮರುಹಂಚಿಕೆಯನ್ನು ಸಂವಿಧಾನದ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ತಡೆದಿಟ್ಟಿತ್ತು. ಅಂದರೆ ಗಡಿ ಮತ್ತೆ ಎಳೆಯುವ ಕಾಲ ಹತ್ತಿರ ಬಂದಿದೆ. ಎಣಿಸುವ ಪದ್ಧತಿ ಬದಲಾಗಲು ಪಾರ್ಲಿಮೆಂಟ್ ಮನಸ್ಸು ಮಾಡಬೇಕು, ಅದು ನಮ್ಮ ಕೈಯಲ್ಲಿಲ್ಲ. ಗಡಿಯ ವಿಷಯದಲ್ಲಿ ಹಾಗಲ್ಲ. ಕಳೆದ ಸಲದ ಕಾನೂನಿನಂತೆ ಮರುವಿಂಗಡಣೆ ಆಯೋಗ ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಸಾರ್ವಜನಿಕ ಸಭೆ ನಡೆಸಬೇಕಾಗಿತ್ತು. ಆಡಳಿತದ ಗಡಿ, ಓಡಾಟದ ಅನುಕೂಲ, ಜನರ ಅನುಕೂಲ ನೋಡಬೇಕು ಅಂತಲೂ ಅದರಲ್ಲಿ ಬರೆದಿತ್ತು.

ಕರಡು ಬಂದಾಗ ಪಕ್ಷದವರು ತಮ್ಮ ಲೀಡ್ ಲೆಕ್ಕ ಹಿಡಿದು ಹೋಗುತ್ತಾರೆ. ನೀವು ಗ್ರಾಮ ಪಂಚಾಯಿತಿ ಹೆಸರು, ಹೋಬಳಿ, ಜನಸಂಖ್ಯೆ, ತಾಲ್ಲೂಕು ಕಚೇರಿಗೆ ಎಷ್ಟು ದೂರ, ಬಸ್ ಎಷ್ಟು ಹೊತ್ತಿಗೆ, ನಿಮ್ಮ ಕೆರೆಗೆ ಯಾವ ನಾಲೆಯ ನೀರು ಅನ್ನೋದನ್ನು ಬರೆದು, ಹೋಬಳಿಯನ್ನು ಎರಡು ಕ್ಷೇತ್ರಕ್ಕೆ ಸೀಳಬೇಡಿ ಅಂತ ಲಿಖಿತವಾಗಿ ಕೊಡಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ ಅದರ ನಕಲನ್ನೂ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ.